ಹುಚ್ಚೀರಪ್ಪನ ಒಡಪು ಡಿಸ್ಕ್ ಹತ್ತಿದ್ದು

ಏಳು ಗುಡ್ಡ ದಾಟಿ, ಏಳು ಹಳ್ಳ ಜಿಗಿದು ಹೋದರೆ ಒಂದು ಗವಿ, ಗವಿಯೊಳಗೊಂದು ಪಂಜರ, ಪಂಜರದೊಳಗೊಂದು ಗಿಳಿ, ಆ ಗಿಳಿಯ ಗಂಟಲಲ್ಲಿ ರಾಕ್ಷಸನ ಜೀವ. ಅಜ್ಜಿಯರ ಕಥೆಗಳಲ್ಲಿ ಈ ರಾಕ್ಷಸ ಊರ ತುಂಬ ಅಬ್ಬರಿಸಿಕೊಂಡು ತಿರುಗುತ್ತಾನೆ. ಯಾವನೋ ಪಂಜರದ ಬಾಗಿಲಿಗೆ ಕೈ ಹಾಕಿದನೆಂಬ ಸುದ್ದಿ ಬಂದದ್ದೇ ತಡ, ಮೊಣಕಾಲು ನಡುಗಿ ಅಲ್ಲೇ ಕುಸಿಯುತ್ತಾನೆ.

ಬೆಟಗೇರಿಯಲ್ಲಿ ಹುಚ್ಚೀರಪ್ಪನೆಂಬ ಗೃಹಸ್ಥನೊಬ್ಬನಿದ್ದ. ರಾಕ್ಷಸನಲ್ಲ, ಪಾಪ, ಹಗ್ಗ ಮತ್ತು ಮಳೆಗೆ ಹೊದಿಸುವ ತಾಡಪತ್ರಿ ಮಾರುವ ಸಣ್ಣ ಅಂಗಡಿಯವನು. ಅವನ ಜೀವ ಎಲ್ಲರಂತೆ ಅವನೊಳಗೇ ಇತ್ತು. ಮಾನ ಮಾತ್ರ ಲಕ್ಷ್ಮೇಶ್ವರದಲ್ಲಿತ್ತು. ಅತ್ತೆ ಫಕ್ಕೀರವ್ವನ ಟ್ರಂಕಿನೊಳಗೆ, ಎರಡು ಕೌದಿಗಳ ನಡುವೆ, ಒಂದು ಕಪ್ಪು ವಿಡಿಯೋ ಕ್ಯಾಸೆಟ್ಟಿನಲ್ಲಿ ಅದು ಸುಖವಾಗಿ ಮಲಗಿತ್ತು. ಇಷ್ಟು ವರ್ಷ ಯಾರೂ ಅದನ್ನು ಎಬ್ಬಿಸಿರಲಿಲ್ಲ. ಕೊನೆಗೆ ಎಬ್ಬಿಸಿದವನು ಹುಚ್ಚೀರಪ್ಪನೇ, ಅದೂ ತನ್ನ ಸ್ವಂತ ಬಾಯಿಂದ.

ಓಣಿಯಲ್ಲಿ ಹುಚ್ಚೀರಪ್ಪನಿಗೆ ಒಂದು ಹೆಸರಿತ್ತು. ಮದುವೆಯಾದ ಗಂಡು ಹೆಂಡತಿಯ ಹೆಸರನ್ನು ಪ್ರಾಸ ಕಟ್ಟಿ ಹೇಳುತ್ತಾನಲ್ಲ, ಆ ಒಡಪನ್ನು ಓಣಿಯ ಮದುಮಕ್ಕಳಿಗೆಲ್ಲ ಕಟ್ಟಿಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದವನು ಅವನೇ. ಹಗ್ಗದ ಸುರುಳಿಗಳ ನಡುವೆ ಗಂಡು ಹುಡುಗರನ್ನು ಕೂಡಿಸಿಕೊಂಡು, ಉಸಿರು ಎಲ್ಲಿ ಎಳೆಯಬೇಕು, ಹೆಸರು ಬರುವ ಮುಂಚೆ ಎಷ್ಟು ಹೊತ್ತು ತಡೆಯಬೇಕು ಎಂದು ಅವನು ಹೇಳಿಕೊಡುವಾಗ, ಗಿರಾಕಿಗಳು ಹಗ್ಗ ಕೇಳಲು ಹೆದರಿ ಹೊರಗೇ ನಿಲ್ಲುತ್ತಿದ್ದರು.

ಹೀಗಿರುವಾಗ ಪಕ್ಕದ ಮನೆಯ ಯಮನೂರಪ್ಪನ ಮಗ ಸೋಮೇಶನ ಮದುವೆಯಾಯಿತು. ಸೊಸೆ ನೇತ್ರಾ ಹೊಸ್ತಿಲ ಮೇಲೆ ನಿಂತು ಗಂಡನ ಹೆಸರನ್ನು ಪಟಪಟನೆ ಪ್ರಾಸದಲ್ಲಿ ಕಟ್ಟಿ ಒಗೆದಳು. ಸೋಮೇಶನ ಸರದಿ ಬಂದಾಗ ಅವನು ಅರ್ಧ ಹೇಳಿ, ಕೆಮ್ಮಿ, ನೀರು ಕೇಳಿದ.

ಹುಚ್ಚೀರಪ್ಪ ಹಣೆ ಹಣೆ ಬಡಿದುಕೊಂಡ. "ಏನಲೇ ತಮ್ಮಾ, ಎಷ್ಟ ಕಲಿಸಿದ್ನಿ ನಿನಗ! ಹೇಂತಿ ಹೆಸರ ಬರೂದ್ರಾಗ ನೀರ ಕೇಳತಿಯಲ್ಲ! ನನ್ನ ಮದಿವ್ಯಾಗ ನಾ ಒಡಪ ಹಾಕಿದ್ದ ನೋಡಬೇಕಿತ್ತ ನೀ. ಹೆಂಗಸರು ಅರಿಷಿಣದ ಬಟ್ಟಲಾ ಕೈಯಾಗ ಹಿಡದ ಹಂಗ ನಿಂತಬಿಟ್ರು. ವಿಡಿಯೋದವಾ ಕ್ಯಾಮೆರಾ ಇಳಿಸಿ ಕೈ ಮುಗದಾ!"

"ವಿಡಿಯೋ ಆಗಿತ್ತೇನೋ ನಿನ್ನ ಮದಿವಿ?" ಯಮನೂರಪ್ಪ ಮೀಸೆಯಲ್ಲೇ ನಕ್ಕ. ಮಗನ ಮರ್ಯಾದೆ ಹೋದ ಉರಿ ಅವನ ಹೊಟ್ಟೆಯಲ್ಲಿತ್ತು. "ಹಂಗಾದ್ರ ತೋರಸು."

"ತೋರಸತಿದ್ನಿ ದೋಸ್ತ, ಆದ್ರ ಅದು ಹಳೇ ಕಾಲದ್ದು, ಎಲ್ಲಿ ಹೋತೋ ಏನೋ..."

"ಎಲ್ಲೂ ಹೋಗಿಲ್ರಿ ಅಣ್ಣಾರ," ಎಂದಳು ಹೆಂಗಸರ ನಡುವೆ ಕೂತಿದ್ದ ಶಾರದವ್ವ. ಅವಳು ಹುಚ್ಚೀರಪ್ಪನ ಧರ್ಮಪತ್ನಿ. ಅವಳ ಮುಖದಲ್ಲಿ ಹಾಲು ಕುಡಿದ ಕೂಸಿನ ಮುಗ್ಧತೆಯಿತ್ತು. "ನಮ್ಮ ಅವ್ವನ ಟ್ರಂಕಿನ್ಯಾಗ ಐತಿ. ಈಗ ಅದನ್ನ ಡಿಸ್ಕಿಗಿ ಹಾಕಿ ಕೊಡತಾರಂತ. ಅಲ್ಲೇನ್ರಿ?"

ಇಡೀ ಪಡಸಾಲೆ ಹುಚ್ಚೀರಪ್ಪನತ್ತ ತಿರುಗಿತು. ಬೇರೆ ದಾರಿಯಿಲ್ಲದೆ ಅವನು ಎದೆ ಉಬ್ಬಿಸಿದ. "ಹಾಕಸತೇನಿ! ಹುಣ್ವಿ ಕಳದ ಮ್ಯಾಲಿನ ಐತವಾರ ನಮ್ಮನಿಗಿ ಎಲ್ಲಾರೂ ಬರ್ರಿ. ಮಿರ್ಚಿ, ಚಾ ನಂದ!"

ಮನೆಗೆ ಬಂದವನೇ ಅವನು ಕಂಬಕ್ಕೊರಗಿ ಕುಸಿದ. ರಾಕ್ಷಸನ ಮೊಣಕಾಲಿಗೆ ಆಗುವುದೇ ಅವನ ಮೊಣಕಾಲಿಗೂ ಆಗಿತ್ತು.

ಯಾಕೆಂದರೆ ಅಂದು ಲಕ್ಷ್ಮೇಶ್ವರದಲ್ಲಿ ಆದದ್ದೇ ಬೇರೆ. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮದುಮಗ ಹೆಣ್ಣಿನ ಮನೆ ಹೊಗಲು ಬಂದಾಗ, ಅತ್ತೆ ಫಕ್ಕೀರವ್ವ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಿದ್ದಳು. ಹೆಂಗಸರು ಮೊದಲು "ಇದು ಯಾರ ಮನಿ?" ಎಂದು ಕೇಳಿದರು. "ಫಕ್ಕೀರವ್ವನ ಮನಿ" ಎಂದ. "ಕೇಳಸಲಿಲ್ಲ, ಜೋರಾಗಿ!" ಎಂದರು. "ಫಕ್ಕೀರವ್ವನ ಮನಿ!" ಎಂದ. ಹೀಗೆ ಏಳೆಂಟು ಸಲ ಕೂಗಿಸಿ, ನಾಲಿಗೆಯನ್ನು ಅದೇ ಹಾದಿಗೆ ಪಳಗಿಸಿ, ಆಮೇಲೆ "ಈಗ ಒಡಪ ಹಾಕ್ರಿ" ಎಂದರು. ಹುಚ್ಚೀರಪ್ಪ ಗಂಟಲು ಸರಿಪಡಿಸಿಕೊಂಡು ರಾಗವಾಗಿ ಶುರುಮಾಡಿದ:

"ಹೋಳಿಗಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಸಕ್ಕರಿ ಕೇಳವ್ವ,
ನನ್ನ ಮನಿ ಬೆಳಗಾಕ ಬಂದಾಕಿ ನಮ್ಮ... ಫಕ್ಕೀರವ್ವ!"

ಪ್ರಾಸ ಒಂದಿಷ್ಟೂ ತಪ್ಪಿರಲಿಲ್ಲ. ಅದೇ ಅನಾಹುತ. ಪ್ರಾಸ ತಪ್ಪಿದ್ದರೆ ತೊದಲಿದ ಎನ್ನಬಹುದಿತ್ತು. ಇದು ಮಾತ್ರ ಸ್ಪಷ್ಟವಾಗಿ, ಸುಶ್ರಾವ್ಯವಾಗಿ, ಅತ್ತೆಯ ಮುಖ ನೋಡುತ್ತ ಹೇಳಿದಂತಿತ್ತು. ಚಪ್ಪರದಲ್ಲಿ ನಗೆ ಎದ್ದು ಬ್ಯಾಂಡಿನವರು ಬಾರಿಸುವುದನ್ನು ಮರೆತರು. ಫಕ್ಕೀರವ್ವ ನಗು ತಡೆದುಕೊಂಡು, "ಹೋಗ್ಲಿ ಬಿಡ್ರೆ, ಹಸದಾರ. ಒಡಪ ನನಗ ಬಾಕಿ ಇಟಗೊಂಡ ಒಳಗ ಬರ್ಲಿ," ಎಂದು ಕೈ ಎತ್ತಿದಳು. "ಆಮ್ಯಾಲೆ ಹೇಳತೇನ್ರಿ" ಎಂದು ಮಾತು ಕೊಟ್ಟು ಹುಚ್ಚೀರಪ್ಪ ಒಳಗೆ ನುಸುಳಿದ. ಆ 'ಆಮ್ಯಾಲೆ' ಇನ್ನೂ ಬಂದಿರಲಿಲ್ಲ.

ಅಂದಿನಿಂದ ಅವನ ಬಾಯಲ್ಲಿ ಹೆಂಡತಿಯ ಹೆಸರು ಬಂದದ್ದೇ ಇಲ್ಲ. ಹೇಳಲು ಹೋದರೆ ಎಲ್ಲಿ ಮತ್ತೆ ಅತ್ತೆ ಹೊರಬೀಳುತ್ತಾಳೋ ಎಂಬ ಭಯ. ಮೊದಲು "ಏ ಇಕಿ" ಎನ್ನುತ್ತಿದ್ದ. ಮಗಳು ಹುಟ್ಟಿದ ಮೇಲೆ "ಅಂಕಿತಾನ ಅವ್ವ" ಎಂದು ಕರೆದು ಬಚಾವಾದ.

"ಓಣ್ಯಾಗಿನ ಹೇಂತ್ಯಾರ ಹೆಸರೆಲ್ಲಾ ನಿಮ್ಮ ಬಾಯಾಗ ಅದಾವ," ಎಂದು ಶಾರದವ್ವ ರೊಟ್ಟಿ ಬಡಿಯುತ್ತ ಒಮ್ಮೊಮ್ಮೆ ಅನ್ನುತ್ತಿದ್ದಳು. "ನಂದೊಂದ ಹೆಸರಿಗಿ ಮಾತ್ರ ನಿಮ್ಮ ಬಾಯಿ ಹಾದಿ ಗೊತ್ತಿಲ್ಲ ನೋಡ್ರಿ."

"ನೀ ಮನ್ಯಾಗ ಇರ್ತಿ. ಹೆಸರ ಎದಕ ಬೇಕು? ಕೆಮ್ಮಿದ್ರ ಸಾಕು, ಬಂದಬಿಡತಿ."

ಆಗ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ.

ಮರುದಿನ ಹುಚ್ಚೀರಪ್ಪ ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಫಕ್ಕೀರವ್ವ ಟ್ರಂಕು ತೆರೆದು, ಕೌದಿ ಸರಿಸಿ, ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸಿ ಅಳಿಯನ ಕೈಗಿಟ್ಟಳು.

"ಡಿಸ್ಕಿಗೇ ಹಾಕಸ್ರಿ ಅಳಿಯಂದ್ರ. ಮೊಬೈಲ್‌ದಾಗ ನನಗ ಕಣ್ಣ ಹತ್ತಂಗಿಲ್ಲ. ಡಿಸ್ಕಿನ ಮಷಿನ್ ನನ್ನ ಕಡೆ ಐತಿ, ಪುರಾಣ ಕೇಳಾಕ ಇಟಗೊಂಡೇನಿ. ಅವತ್ತ ನಾನ ತರತೇನಿ. ಮತ್ತ ಆ ಸ್ಟುಡಿಯೋದ ಫೋನ್ ನಂಬರ ಹೇಳ್ರಿ. ಕ್ಯಾಸೆಟ್ ನಂದು, ನೋಡ್ರಿ, ಖಬರ ಇಟಗೋಬೇಕು."

ಅದರಲ್ಲಿ ಹುಚ್ಚೀರಪ್ಪನಿಗೆ ಯಾವ ಅಪಾಯವೂ ಕಾಣಲಿಲ್ಲ. ಗದಗಿನ ಸ್ಟುಡಿಯೋದ ನಂಬರು ಕೊಟ್ಟು ಬಂದ. ಬುದ್ಧಿವಂತರು ಇಂಥ ಜಾಗದಲ್ಲೇ ಎಡವುವುದು.

ಆ ಸ್ಟುಡಿಯೋ ಗುಲ್ನಾಜ ಎಂಬ ಹುಡುಗಿಯದು. ಹಳೆಯ ಟೇಪು ಓಡಿಸುವ ಯಂತ್ರ ಊರಲ್ಲಿ ಅವಳೊಬ್ಬಳ ಹತ್ತಿರವೇ ಉಳಿದಿತ್ತು. ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಮೂಸಿ ನೋಡಿ, "ಬೂಸ ಹಿಡದೈತಿ ಕಾಕಾ. ಸ್ವಚ್ಛ ಮಾಡಿ ಕಂಪ್ಯೂಟರಿಗೆ ಇಳಿಸಿ, ಎಡಿಟಿಂಗ್ ಮಾಡಿ ಡಿಸ್ಕಿಗಿ ಹಾಕತೇನಿ," ಎಂದಳು.

"ಎಡಿಟಿಂಗ್ ಅಂದ್ರ..."

"ಬ್ಯಾಡಾದದ್ದ ತೆಗಿಯೂದು."

ಹುಚ್ಚೀರಪ್ಪನ ಕಿವಿ ನೆಟ್ಟಗಾದವು. ಅತ್ತಿತ್ತ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡ. "ಅಲ್ಲೆ... ಬಾಗಲ ಹತ್ರ... ಗಾಳಿ ಸಪ್ಪಳ ಭಾಳ ಬಂದಿರಬೇಕು ನೋಡವಾ."

"ಗಾಳಿ ಕಡಿಮಿ ಮಾಡತೇನಿ."

"ಗಾಳಿ ಇರ್ಲಿ. ಅಲ್ಲೆ ಒಬ್ಬಾಂವ ಏನೋ ಮಾತಾಡತಾನ. ಅವನ್ನ ತಗದಬಿಡು."

"ಯಾರ್ರಿ ಅಂವಾ?"

"ಮದುಮಗಾ."

ಗುಲ್ನಾಜ ಕಂಪ್ಯೂಟರಿನಿಂದ ಮುಖ ಎತ್ತಿದಳು. "ಮದುಮಗಾ ನೀವ ಅಲ್ಲೇನ್ರಿ ಕಾಕಾ?"

"ಆಗ ಇದ್ದೆ," ಎಂದ ಹುಚ್ಚೀರಪ್ಪ ಗಂಭೀರವಾಗಿ.

ಕೆಲಸ ಆಯಿತೆಂದು ಹೊರಬಂದವನಿಗೆ ಚಹದ ಅಂಗಡಿಯ ಮುಂದೆ ಹೊಸ ಚಿಂತೆ ಹತ್ತಿತು. ಇಡೀ ಮದುವೆ ಇದ್ದು ಒಡಪೊಂದೇ ಮಾಯವಾದರೆ ಯಮನೂರಪ್ಪ ಸುಮ್ಮನಿದ್ದಾನೆಯೇ? ಹಲವು ಕಡೆ ಕಡಿದಿದ್ದರೆ? "ಟೇಪ ಹಳೇದಾಗಿ ಅಲ್ಲಲ್ಲೆ ಹೋಗೇತಿ" ಎನ್ನಬಹುದು! ಹಲವು ತೂತುಗಳ ನಡುವೆ ತನ್ನ ತೂತು ಯಾರಿಗೆ ಕಂಡೀತು? ತನ್ನ ಬುದ್ಧಿಗೆ ತಾನೇ ಬೆರಗಾಗಿ, ಅಲ್ಲೇ ನಿಂತು ಮೂರು ಫೋನು ಮಾಡಿದ.

ಮೊದಲನೆಯದು ಡೋಣಿಯಲ್ಲಿದ್ದ ಅಕ್ಕ ನೀಲವ್ವನಿಗೆ. ಅವಳು ಮದುವೆಯಲ್ಲಿ ಹೆಣ್ಣಿನ ಕಡೆಯವರು ತನ್ನನ್ನು ಎರಡನೆಯ ಪಂಕ್ತಿಗೆ ಊಟಕ್ಕೆ ಕೂಡಿಸಿದರೆಂದು ಸಿಟ್ಟಾಗಿದ್ದಳು. ಈಗ ಅದೇ ಬೀಗರ ಮನೆಗೆ ಮಗಳನ್ನೂ ಕೊಟ್ಟಿದ್ದಳು. "ಅಯ್ಯ ತಮ್ಮಾ, ಆ ಸಿಟ್ಟ ಕಂಡ್ರ ಬೀಗರು ಏನಂದಾರು! ತಗಸೋ ಮಾರಾಯಾ!" ಎಂದಳು.

ಎರಡನೆಯದು ಶಿರಹಟ್ಟಿಯ ಭಾವಮೈದ ಸುಭಾಷನಿಗೆ. ಅವನೀಗ ಪಂಚಾಯತಿಗೆ ನಿಲ್ಲುವವನು, ಖಾದಿಯೇ ಖಾದಿ. ಅಂದು ಕಿವಿ ಮುಚ್ಚುವ ಕೂದಲು ಬಿಟ್ಟು, ಹಲ್ಲಲ್ಲಿ ಕರವಸ್ತ್ರ ಕಚ್ಚಿ, ಬ್ಯಾಂಡಿನ ಮುಂದೆ ರಸ್ತೆಯಲ್ಲಿ ಉರುಳಾಡಿ ಕುಣಿದಿದ್ದ. "ಮಾವಾರ, ವಿರೋಧಿಗಳ ಕೈಗಿ ಸಿಕ್ರ ನನ್ನ ಕಥಿ ಮುಗದಂಗ! ನಾನ ಆ ಹುಡಿಗಿಗಿ ಹೇಳತೇನಿ, ನಂಬರ ಕೊಡ್ರಿ!"

ಮೂರನೆಯದು ಮುಂಡರಗಿಯ ಅರ್ಜುನ ಕಾಕಾನಿಗೆ. ಕಾಕಾ ಅಂದು ತೊಟ್ಟಿದ್ದ ಕೋಟು ಬಾಳೆಹೊಸೂರಿನ ಬೀಗನದು. ಮದುವೆಗೆ ಮುಂಚೆಯೇ ಕಳೆದುಹೋಯಿತೆಂದು ಹೇಳಿ ಇಂದಿಗೂ ಕೊಟ್ಟಿರಲಿಲ್ಲ. "ಅಂವಾ ನೋಡಾಕ ಬಂದ್ರ? ನಾ ಇರ್ಲಿ, ಕೋಟ ತಗಸು!"

ಎರಡು ದಿನ ಬಿಟ್ಟು ಗುಲ್ನಾಜಳ ಫೋನು ಬಂತು. ದನಿ ಸೋತು ಹೋಗಿತ್ತು.

"ಕಾಕಾ, ನಿಮ್ಮ ಮಂದಿ ನನ್ನ ಮೊಬೈಲ್ ತುಂಬ ಮಾತ ತುಂಬ್ಯಾರ. ಅಕ್ಕಾರ ಸಿಟ್ಟ ತೆಗಿ ಅಂತಾರ. ಸಿಟ್ಟ ಬ್ಯಾರೆ, ಅಕ್ಕಾರ ಬ್ಯಾರೆ ಮಾಡೂದ ಹೆಂಗ್ರಿ? ಇಡೀ ಮದಿವ್ಯಾಗ ಅವರ ಮುಖ ಹಂಗ ಐತಿ, ಕುಂಕುಮ ಹಚ್ಚಬೇಕಾದ್ರೂ! ಅವರ ಇದ್ದಲ್ಲೆಲ್ಲಾ ಕಡಿಬೇಕಾತು. ಕುಣಿಯೋ ಅಣ್ಣಾರನ್ನ ತಗದ್ರ ಮೆರವಣಿಗಿನ ಇಲ್ಲ. ಇನ್ನ ಆ ಕೋಟು. ಕೋಟಿನಾಂವ ನಿಮ್ಮ ಮೈಗಿ ಹತ್ತಿ ನಿಂತಾನ. ಕೋಟ ತಗದ್ರ ನಿಮ್ಮ ಬಲಗಡಿ ಅರ್ಧಾ ಹೋಗತೈತಿ."

"ಹೋಗ್ಲಿ ಬಿಡವಾ, ಎಡಗಡಿ ಐತೆಲ್ಲ," ಎಂದ ಹುಚ್ಚೀರಪ್ಪ ಉದಾರವಾಗಿ. ಹೆಚ್ಚು ಕಡಿದಷ್ಟೂ ಅವನಿಗೆ ಹಿತ. "ಬಾಗಲದ್ದ ನೆನಪೈತೆಲ್ಲ?"

"ಅದರದ್ದೂ ಫೋನ್ ಬಂದೈತ್ರಿ. ಯಾರ ಮಾತ ಕೇಳಬೇಕಂತ ತಿಳೀವಲ್ದು. ಕ್ಯಾಸೆಟ್ ಯಾರದೈತೋ ಅವರ ಮಾತ ಕೇಳತೇನಿ, ಆತಿಲ್ರಿ?"

"ಆತ ಆತ, ಅದ ಖರೆ," ಎಂದು ಹುಚ್ಚೀರಪ್ಪ ಫೋನಿಟ್ಟ. ಕ್ಯಾಸೆಟ್ಟು ತಂದವನು ತಾನು, ಮದುವೆ ತನ್ನದು, ಅಂದಮೇಲೆ ಕ್ಯಾಸೆಟ್ಟು ಇನ್ಯಾರದ್ದಿದ್ದೀತು? ಗಿಳಿಯನ್ನು ಹುಡುಕಿ ತಂದವರಿಗಲ್ಲ, ಸಾಕಿದವರಿಗೆ ಅದು ಸೇರಿದ್ದೆಂಬ ವಿಚಾರ ಅವನ ತಲೆಗೆ ಹೊಳೆಯಲೇ ಇಲ್ಲ.

ಐತವಾರ ಇಳಿಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಯಮನೂರಪ್ಪ, ಅವನ ಹೆಂಡತಿ ಹನಮಂತವ್ವ, ಸೋಮೇಶ, ನೇತ್ರಾ. ಡೋಣಿಯ ಅಕ್ಕ, ಶಿರಹಟ್ಟಿಯ ಖಾದಿ, ಮುಂಡರಗಿಯ ಕಾಕಾ ಎಲ್ಲರೂ ತಂತಮ್ಮ ಗುಟ್ಟು ಕಡಿದುಹೋಗಿದೆಯೆಂಬ ನೆಮ್ಮದಿಯಲ್ಲಿ ಗೋಡೆಗೊರಗಿದ್ದರು. ಫಕ್ಕೀರವ್ವ ಡಿಸ್ಕಿನ ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಮೊಮ್ಮಗನಂತೆ ಕೂಡಿಸಿಕೊಂಡು ಬಂದಿದ್ದಳು. ಮಗಳು ಅಂಕಿತಾ ವಾಯರು ಜೋಡಿಸಿದಳು.

ಪರದೆಯ ಮೇಲೆ ಮೊದಲು ಗುಲಾಬಿ ಹೂವೊಂದು ಗಿರಗಿರ ತಿರುಗಿ ನಮಸ್ಕಾರ ಹೇಳಿತು. ಆಮೇಲೆ ಬ್ಯಾಂಡಿನ ಸದ್ದಿನೊಂದಿಗೆ ಒಂದು ಖಾಲಿ ರಸ್ತೆ. ರಸ್ತೆಯಲ್ಲಿ ಒಂದು ನಾಯಿ. ನಾಯಿ ಯಾರನ್ನೋ ನೋಡಿ ಗಾಬರಿಯಾಗಿ ಓಡುತ್ತಿತ್ತು, ಯಾರನ್ನೆಂದು ಕಾಣಲಿಲ್ಲ. ಸುಭಾಷ ಕೆಮ್ಮಿದ.

ಮುಂದೆ ಹಂದರ. ತಿರುಗುವ ಫ್ಯಾನು. ಎರಡು ಖಾಲಿ ಕುರ್ಚಿ. ಅಕ್ಕಿಕಾಳು ಸುರಿಯುವಾಗ ಮದುಮಗನ ಎಡಗಿವಿ ಮತ್ತು ಬಾಸಿಂಗದ ಕಾಲುಭಾಗ.

"ಇದ್ಯಾರ ಮದಿವಿನೋ ದೋಸ್ತ?" ಎಂದ ಯಮನೂರಪ್ಪ. "ಫ್ಯಾನಿಂದೇನು?"

"ನಾ ಎಲ್ಲಿ ಹೋದ್ನಿ?" ನೀಲವ್ವ ಎದ್ದು ನಿಂತಳು. "ಗಂಡಿನ ಖಾಸಾ ಅಕ್ಕ ನಾನು! ಸಿಟ್ಟ ತೆಗಿ ಅಂದಿದ್ನಿ, ನನ್ನನ್ನ ತೆಗಿ ಅಂದಿದ್ನೇನು? ಮೊದಲ ಎರಡನೇ ಪಂಕ್ತಿಗಿ ಹಾಕಿದ್ರಿ, ಈಗ ಮದಿವ್ಯಾಗಿಂದನ ಹೊರಗ ಹಾಕಿದ್ರೇನು?"

"ಹಳೇ ಟೇಪ ಅಕ್ಕಾ, ಅಲ್ಲಲ್ಲೆ ಹೋಗೇತಿ," ಎಂದು ಹುಚ್ಚೀರಪ್ಪ ತಾನು ಕಲಿತಿಟ್ಟ ಮಾತನ್ನು ಒಪ್ಪಿಸಿದ.

ಅಷ್ಟರಲ್ಲಿ ಊಟದ ಪಂಕ್ತಿ ಬಂತು. ಎಲ್ಲರೂ ಒಬ್ಬರಲ್ಲ ಒಬ್ಬರ ಕಾರಣಕ್ಕೆ ಕಡಿದುಹೋಗಿ, ಒಬ್ಬ ತರುಣ ಮಾತ್ರ ಉಳಿದಿದ್ದ. ಅವನನ್ನು ತೆಗೆಯಿರೆಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವನು ಎಲೆಯ ಮೇಲೆ ಬಾಗಿ, ಜಗತ್ತನ್ನೇ ಮರೆತು ಹೋಳಿಗೆ ತಿನ್ನುತ್ತಿದ್ದ. ಕ್ಯಾಮೆರಾ ಒಂದು ಸುತ್ತು ಹೋಗಿ ಬಂದರೂ ಅವನು ಹೋಳಿಗೆ ತಿನ್ನುತ್ತಲೇ ಇದ್ದ.

"ಇಂವ ಹೆಣ್ಣಿನ ಕಡೆಯಾಂವ," ಎಂದಳು ನೀಲವ್ವ.

"ನಮ್ಮಾಂವ ಅಲ್ಲ," ಎಂದಳು ಫಕ್ಕೀರವ್ವ. "ಗಂಡಿನ ಕಡೆಯಾಂವ ಅಂತ ತಿಳದ ನಾನ ನಿಂತ ಇನ್ನೆರಡ ಹೋಳಿಗಿ ಹಾಕಸಿದ್ನಿ!"

ಹನಮಂತವ್ವ ಕನ್ನಡಕ ಏರಿಸಿ, ಪರದೆಯನ್ನೊಮ್ಮೆ ಪಕ್ಕದಲ್ಲಿದ್ದ ಗಂಡನನ್ನೊಮ್ಮೆ ನೋಡಿದಳು. "ಇವರ ಅದಾರಲ್ರೇ! ಆ ಕಿವಿ ನೋಡ್ರಿ! ಆ ಕಿವಿ ಈ ಲೋಕದಾಗ ಇನ್ಯಾರಿಗೈತಿ?"

ಯಮನೂರಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಅದರಿಂದ ಇದ್ದ ಸಂಶಯವೂ ಹೋಯಿತು. "ಸಂತಿಗಿ ಅಂತ ಲಕ್ಷ್ಮೇಶ್ವರಕ್ಕ ಹೋಗಿದ್ನಿ. ಹಸಿವಾಗಿತ್ತು. ಬ್ಯಾಂಡ್ ಕೇಳಸ್ತು... ಆಗ ಇವನ ಗುರತ ನನಗ ಎಲ್ಲಿತ್ತು?"

"ಮಾವಾರ, ನೀರ ಬೇಕೇನ್ರಿ?" ಎಂದಳು ಸೊಸೆ ನೇತ್ರಾ. ಸೋಮೇಶ ಮದುವೆಯಾದಾಗಿನಿಂದ ಮೊದಲ ಸಲ ಹೊಟ್ಟೆ ತುಂಬ ನಕ್ಕ.

ಹುಚ್ಚೀರಪ್ಪನ ಆನಂದಕ್ಕೆ ಪಾರವಿರಲಿಲ್ಲ. ವೈರಿ ತಾನಾಗಿ ಬಿದ್ದಿದ್ದ. "ನೋಡಲೇ ಯಮನೂರಾ! ನನ್ನ ಹೋಳಿಗಿ ತಿಂದ ನನ್ನನ್ನ ಪರೀಕ್ಷಾ ಮಾಡತಿ..." ಎಂದು ಎದ್ದು ನಿಂತು ಭಾಷಣ ಶುರುಮಾಡಿದ. ಅವನ ಬೆನ್ನ ಹಿಂದೆ, ಪರದೆಯ ಮೇಲೆ, ಒಂದು ಬಾಗಿಲು ಕಾಣಿಸಿಕೊಂಡಿತು. ಅದಕ್ಕೆ ಅಡ್ಡವಾಗಿ ಬಳೆ ತುಂಬಿದ ಒಂದು ಕೈ.

"ಹೋಳಿಗಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಸಕ್ಕರಿ ಕೇಳವ್ವ..."

ತನ್ನ ಹಳೆಯ ದನಿ ಕೇಳಿ ಹುಚ್ಚೀರಪ್ಪ ನಿಂತಲ್ಲೇ ಕಲ್ಲಾದ. ಒಂದು ಚೂರೂ ಕಡಿದಿರಲಿಲ್ಲ. ಗಾಳಿಯ ಸದ್ದು ಕೂಡ ತೆಗೆದು ನಿಚ್ಚಳ ಮಾಡಲಾಗಿತ್ತು.

"...ನಮ್ಮ ಫಕ್ಕೀರವ್ವ!"

ಅಷ್ಟರಲ್ಲಿ ಅದೇ ದೃಶ್ಯ ಮತ್ತೊಮ್ಮೆ ಬಂತು, ಈ ಸಲ ನಿಧಾನಗತಿಯಲ್ಲಿ, ಗುಲಾಬಿ ಹೂಗಳ ಚೌಕಟ್ಟಿನೊಳಗೆ. ಮದುಮಗನ ಬಾಯಿ ಮೆಲ್ಲಗೆ ತೆರೆದು, ಮೆಲ್ಲಗೆ ದುಂಡಗಾಗಿ, "ಫ...ಕ್ಕೀ...ರ..." ಎನ್ನುತ್ತಿದ್ದಂತೆ ಓಣಿಯೇ ಸ್ಫೋಟಿಸಿತು. ಸೋಮೇಶ ನೆಲಕ್ಕೆ ಉರುಳಿದ. ಯಮನೂರಪ್ಪ ಕಿವಿ ಬಿಟ್ಟು ಹೊಟ್ಟೆ ಹಿಡಿದುಕೊಂಡ.

"ಒಡಪದ ಗುರುಗಳ!" ಎಂದು ಯಾರೋ ಕೂಗಿದರು.

"ಆ ಹುಡಿಗಿಗಿ ನಾನ ಹೇಳಿದ್ನಿ," ಎಂದಳು ಫಕ್ಕೀರವ್ವ ಎಲೆಗೆ ಸುಣ್ಣ ಹಚ್ಚುತ್ತ. "ಎಲ್ಲಾರೂ ತೆಗಿ ತೆಗಿ ಅಂದ್ರಂತ. ಕ್ಯಾಸೆಟ್ ನಂದು. ಏನ ಬೇಕಾದ್ರೂ ತೆಗಿ, ಬಾಗಲದಾಗ ನನ್ನ ಅಳಿಯಾ ಹೇಳಿದ್ದ ಮಾತ್ರ ಎರಡ ಸಲ ಹಾಕು ಅಂದ್ನಿ. ಬ್ಯಾಸರಾದಾಗ ನೋಡಾಕ ಬೇಕಲ್ಲ."

ಹುಚ್ಚೀರಪ್ಪ ಶಾರದವ್ವನ ಕಡೆ ನೋಡಿದ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಎಲ್ಲರೂ ಪರದೆಯ ಕಡೆ ನೋಡುತ್ತಿದ್ದರೆ, ಅವಳೊಬ್ಬಳು ಅವನ ಬಾಯಿಯ ಕಡೆ ನೋಡುತ್ತಿದ್ದಳು.

"ಮಿರ್ಚಿ ತರತೇನಿ," ಎಂದು ಹುಚ್ಚೀರಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಮಿರ್ಚಿಯ ಬಂಡಿಯವನು ಬಿಸಿ ಎಣ್ಣೆಯ ಹಿಂದಿನಿಂದ, "ಏನ್ರಿ, ನಿಮ್ಮ ಒಡಪ ಭಾರಿ ಇತ್ತಂತಲ್ರಿ!" ಎಂದ. ಸುದ್ದಿ ಅವನಿಗಿಂತ ಮೊದಲೇ ಓಡಿ ಬಂದಿತ್ತು. ಇನ್ನು ಓಡಿ ಹೋಗಲು ಊರಲ್ಲಿ ಜಾಗವಿರಲಿಲ್ಲ. ಹುಚ್ಚೀರಪ್ಪ ಬಿಸಿ ಪೊಟ್ಟಣ ಎದೆಗವಚಿಕೊಂಡು, ಕಾಲು ಎಳೆಯುತ್ತ ಮನೆಗೆ ತಿರುಗಿದ. ದಾರಿಯುದ್ದಕ್ಕೂ ಅವನ ತುಟಿ ಏನೋ ಗುನುಗುತ್ತಿತ್ತು.

ಮನೆ ಬಾಗಿಲಲ್ಲಿ ಬಳೆ ತುಂಬಿದ ಕೈಯೊಂದು ಅಡ್ಡ ಚಾಚಿಕೊಂಡಿತ್ತು. ಕೈ ಸುಕ್ಕಾಗಿತ್ತು, ಬಳೆ ಅದೇ ಹಸಿರು. ಫಕ್ಕೀರವ್ವನ ಹಿಂದೆ ಇಡೀ ಓಣಿ ಕತ್ತು ಚಾಚಿ ನಿಂತಿತ್ತು.

"ಅತ್ತಿಯವರ, ಇದು ನನ್ನ ಮನಿ ಐತ್ರಿ," ಎಂದ ಹುಚ್ಚೀರಪ್ಪ ಮೆಲ್ಲಗೆ.

"ಇರ್ಲಿ. ನನ್ನ ಬಾಕಿ ಕೊಟ್ಟ ಒಳಗ ಬರ್ರಿ."

"ಮಿರ್ಚಿ ಆರತಾವ್ರಿ..."

"ಆರ್ಲಿ. ಇಷ್ಟ ವರ್ಷ ನಾವೂ ಆರಿಲ್ಲೇನು?"

ಓಣಿಯ ಹುಡುಗರಿಗೆ ತಾನೇ ಕಲಿಸಿದ್ದ ಉಸಿರು, ತಡೆ, ರಾಗ ಒಂದೂ ಹುಚ್ಚೀರಪ್ಪನಿಗೆ ನೆನಪಾಗಲಿಲ್ಲ. ಎಣ್ಣೆ ಸೋರುವ ಪೊಟ್ಟಣವನ್ನು ಹಿಡಿದುಕೊಂಡೇ, ಜನರ ಹಿಂದೆ ಕಂಬದ ಪಕ್ಕ ನಿಂತಿದ್ದ ಹೆಂಡತಿಯ ಮುಖ ನೋಡುತ್ತ ಶುರುಮಾಡಿದ:

"ಹಗ್ಗ ಮಾರಾಂವನ ಬಾಯಿಗಿ ಗಂಟ ಬಿದ್ದಿತ್ತ ಅತ್ತೆವ್ವ,
ಗಂಟ ಬಿಚ್ಚೂತನಕ ಕಾಯ್ದ ನಿಂತಾಕಿ ನಮ್ಮ..."

ಇಲ್ಲಿ ಅವನು ನಿಂತ. ಯಮನೂರಪ್ಪ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಸೋಮೇಶನ ತುಟಿ ತಾನಾಗಿ ಅಲುಗಿತು. ಹುಚ್ಚೀರಪ್ಪನ ನಾಲಿಗೆ 'ಫ' ಎಂಬಲ್ಲಿಗೆ ಹೊರಟಿತ್ತು, ಹಳೆಯ ಹಾದಿ ಅದಕ್ಕೆ ಚೆನ್ನಾಗಿ ಗೊತ್ತಿತ್ತು, ತುಟಿಗಳೆರಡೂ ಕೂಡಿಬಿಟ್ಟಿದ್ದವು. ಅವನು ಕಣ್ಣು ಮುಚ್ಚಿ, ತುಟಿ ಬಿಡಿಸಿ, ಲಕ್ಷ್ಮೇಶ್ವರದವರೆಗೂ ಕೇಳುವಂತೆ ಕೂಗಿದ:

"...ಶಾರದವ್ವ!"

ಯಾರೂ ನಗಲಿಲ್ಲ. ಕಂಬದ ಪಕ್ಕದಿಂದ ಶಾರದವ್ವ ಸೆರಗು ಸರಿಮಾಡಿಕೊಂಡು, "ಏನ್ರಿ, ಕರದ್ರೇನು?" ಎಂದಳು.

ಫಕ್ಕೀರವ್ವ ಕೈ ಎತ್ತಿದಳು.

"ಆತು. ಈಗ ಒಳಗ ಬರ್ರಿ ಅಳಿಯಂದ್ರ."